ಅಲ್ಲೇನಾಯಿತು

ಉಸ್ ಎಂದು ಬಸ್ಸಿನ ಬಾಗಿಲು ಮುಚ್ಚಿಕೊಂಡಿತು, ಗಾಳಿಯ ಬಾಗಿಲು, ಇದಕ್ಕೆ ಬೀಗವಿಲ್ಲ, ಡ್ರೈವರ್ ಗುಂಡಿ ಒತ್ತಿದರೆ ಮುಂದಿನ ಸ್ಟಾಪಿನಲ್ಲಿ ತೆರೆಯುತ್ತದೆ, ಅದು ನನಗೆ ಗೊತ್ತು, ಆದರೂ ಬೆಚ್ಚಿ ತಿರುಗಿ ನೋಡಿದೆ — ಬಾಗಿಲು ಮುಚ್ಚುವ ಸದ್ದು, ಹಾಗೆಂದು ಬರೆದಿದ್ದೆ ನಾನು, ಕಿವಿ ಕೇಳಿಸದವರಿಗಾಗಿ ತೆರೆಯ ಕೆಳಗೆ ಸದ್ದುಗಳನ್ನೂ ಅಕ್ಷರದಲ್ಲಿ ಬರೆಯಬೇಕು, ಅದೂ ಸಬ್‌ಟೈಟಲ್ ಕೆಲಸದ ಒಂದು ಭಾಗ, ದೂರದಲ್ಲಿ ಬಾಗಿಲು ಮುಚ್ಚುವ ಸದ್ದು, ಕಬ್ಬಿಣದ ಬಾಗಿಲು ಮುಚ್ಚುವ ಸದ್ದು, ಮತ್ತೆ ಬಾಗಿಲು ಮುಚ್ಚುವ ಸದ್ದು, ಒಂದು ಸಿನಿಮಾದಲ್ಲಿ ಇಷ್ಟೊಂದು ಬಾಗಿಲು ಇರಬಹುದೆಂದು ನನಗೆ ಅಂದಾಜಿರಲಿಲ್ಲ. ಕಿಟಕಿಯ ಪಕ್ಕ ಅಜ್ಜು ಕೂತಿದ್ದಾನೆ, ನನ್ನ ತಮ್ಮ, ಮುಂದಿನ ಸೀಟಿನ ಸರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಹದಿನೇಳು ವರ್ಷದ ಹುಡುಗ ಇಷ್ಟು ನೆಟ್ಟಗೆ ಕೂರುವುದಿಲ್ಲ, ಕಾಲು ಚಾಚಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಅರ್ಧ ಮಲಗಿ ಕೂರಬೇಕು, ಮೊದಲು ಹಾಗೇ ಕೂರುತ್ತಿದ್ದ, ಆರ್.ಟಿ. ನಗರದ ನಮ್ಮ ಮನೆಯ ದಿವಾನದ ಮೇಲೆ ಅವನು ಬಿದ್ದಿರುವುದನ್ನು ಕಂಡು ಅಮ್ಮಿ ಬೈಯುತ್ತಿದ್ದಳು, ಮೂಟೆ ಥರ ಬಿದ್ಕೊಂಡಿದ್ದೀಯಲ್ಲೋ, ಎದ್ದು ಕೂತ್ಕೋ ಅಂತ, ಈಗ ಬೈಯುವುದಿಲ್ಲ, ಅವನು ಒಂದು ಗಳಿಗೆ ಕಣ್ಣು ಮುಚ್ಚಿ ಮಲಗಿದರೆ ಸಾಕು ಎಂದು ದುವಾ ಮಾಡುತ್ತಾಳೆ. ನಾವು ಬಾಗಲಗುಂಟೆಗೆ ಹೊರಟಿದ್ದೇವೆ, ಯಶವಂತಪುರದವರೆಗೆ ಈ ಬಸ್ಸು, ಅಲ್ಲಿಂದ ಮೆಟ್ರೋದಲ್ಲಿ ದಾಸರಹಳ್ಳಿ, ಆಮೇಲೆ ಆಟೊ, ಅಜ್ಜು ಯಾರ ಸಾವಿಗೆ ಕಾರಣನಾದನೋ ಅವರ ಮನೆಗೆ — ಸಾವಿಗೆ ಕಾರಣನಾದ, ಈಗಲೂ ನಾನು ಮಾತನ್ನು ತಿದ್ದಿ ನುಣುಪು ಮಾಡುತ್ತಿದ್ದೇನೆ, ಅಜ್ಜು ಬೈಕಿನಲ್ಲಿ ಯಾರನ್ನು ಗುದ್ದಿ ಕೊಂದನೋ ಅವರ ಮನೆಗೆ.

ಆ ಸಿನಿಮಾ ನನ್ನ ಮೇಜಿಗೆ ಬಂದದ್ದು ಹೋದ ವರ್ಷದ ಚಳಿಗಾಲದಲ್ಲಿ. ಮತ್ತಿಕೆರೆಯಲ್ಲಿ, ಕಾಲೇಜು ಹುಡುಗರ ಪೀಜಿಗಳ ನಡುವೆ, ಜೆರಾಕ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು, ಬಸವಕಿರಣ ಸರ್ ಕುರ್ಚಿ ತಿರುಗಿಸಿ ಹೇಳಿದರು, ನೂರೀನ್, ಇದೊಂದು ಇಂಗ್ಲೆಂಡಿಂದು, ಹಳೇದು, ಹುಡುಗರ ಜೈಲಿನ ಕಥೆ, ಸ್ವಲ್ಪ ಹೆವಿ ಇದೆ ಕಣಮ್ಮ, ಇಬ್ರು ಆಗ್ಲೇ ಅರ್ಧಕ್ಕೆ ಬಿಟ್ರು, ನಿನ್ ಕೈಲಿ ಆಗುತ್ತೆ, ನಿನ್ ಕನ್ನಡ ಗಟ್ಟಿ. ನನ್ನ ಕನ್ನಡ ಗಟ್ಟಿ ಎನ್ನುವಾಗ ಎಲ್ಲರಿಗೂ ಒಂದು ಆಶ್ಚರ್ಯವಿರುತ್ತದೆ, ಮನೆಯಲ್ಲಿ ದಖನಿ, ಆದರೆ ಓದಿದ್ದು ಸರ್ಕಾರಿ ಕನ್ನಡ ಶಾಲೆಯಲ್ಲಿ, ನನ್ನ ತಲೆಯೊಳಗೆ ಮಾತು ನಡೆಯುವುದು ಕನ್ನಡದಲ್ಲೇ, ಅಳು ಮಾತ್ರ ದಖನಿಯಲ್ಲಿ ಬರುತ್ತದೆ. ಹೆಡ್‌ಫೋನ್ ಹಾಕಿಕೊಂಡು ಕೂತೆ. ಮಂಜಿನಲ್ಲಿ ಒಂದು ವ್ಯಾನು ಹೋಗುತ್ತಿರುತ್ತದೆ, ಒಳಗೊಬ್ಬ ಹುಡುಗ, ಅಂಗಡಿಯಲ್ಲಿ ಕದ್ದವನು, ಕಿವಿ ಅಗಲ, ತುಟಿ ಒಡೆದಿದೆ, ಅಜ್ಜುವಿನ ಕಿವಿಯೂ ಅಗಲ — ಇಲ್ಲ, ಆಗ ನಾನು ಹಾಗೆ ಹೋಲಿಸಿರಲಿಲ್ಲ, ಹೋಲಿಕೆ ಆಮೇಲೆ ಬಂತು, ಬಂದದ್ದು ಹೋಗಲಿಲ್ಲ. ಗೋಡೆ, ಆಕಾಶ, ಗಂಜಿ, ಹುಡುಗರ ಮುಖ ಎಲ್ಲವೂ ಒಂದೇ ಬೂದಿ ಬಣ್ಣ. ಬಾಯ್ಲರ್ ಕೋಣೆಗೆ ಅವನನ್ನು ದೊಡ್ಡ ಹುಡುಗರು ಎಳೆದುಕೊಂಡು ಹೋಗುತ್ತಾರೆ, ಬಾಗಿಲು ಮುಚ್ಚುತ್ತದೆ, ಕ್ಯಾಮೆರಾ ಒಳಗೆ ಹೋಗುವುದೇ ಇಲ್ಲ, ಹೊರಗೆ ಸ್ಟೂಲಿನ ಮೇಲೆ ಕೂತ ಕಾವಲಿನವನು ಕಿತ್ತಳೆ ಸುಲಿಯುತ್ತಿರುತ್ತಾನೆ, ಒಂದೇ ಉದ್ದ ಸಿಪ್ಪೆ, ಕಡಿಯದ ಹಾಗೆ ಜೋಪಾನವಾಗಿ, ಸಿಪ್ಪೆ ನೆಲ ಮುಟ್ಟುವವರೆಗೆ ಬಾಗಿಲು ತೆರೆಯುವುದಿಲ್ಲ, ಅಲ್ಲಿ ಮಾತಿಲ್ಲ, ನಾನು ಬಾಯ್ಲರ್ ಗುಂಯ್‌ಗುಡುವ ಸದ್ದು ಎಂದು ಬರೆದೆ, ಸರಿಯಾದ ಜಾಗಕ್ಕೆ ಅಕ್ಷರ ಕೂರಿಸಲು ಹಿಂದೆ ಮುಂದೆ, ಹಿಂದೆ ಮುಂದೆ, ಆ ದೃಶ್ಯವನ್ನು ಎಷ್ಟು ಸಲ ನೋಡಿದೆನೋ. ಆಮೇಲೆ ಅವನ ಅಮ್ಮ ನೋಡಲು ಬರುತ್ತಾಳೆ, ದೂರದೂರಿಂದ ರೈಲಿನಲ್ಲಿ, ಡಬ್ಬಿಯಲ್ಲಿ ಕೇಕು, ಹುಡುಗ ಅಂಗಿಯ ತೋಳನ್ನು ಬೆರಳಿನವರೆಗೆ ಎಳೆದುಕೊಂಡು ಕೂತಿರುತ್ತಾನೆ, ಒಂದು ಚೂರು ಕೇಕು ತಿಂದು ಹೇಳುತ್ತಾನೆ, ಆರಾಮಾಗಿದ್ದೀನಮ್ಮ. ಚೆನ್ನಾಗಿದ್ದೀನಮ್ಮ ಎಂದು ಬರೆದು ಅಳಿಸಿದೆ, ಏನೂ ಆಗಿಲ್ಲಮ್ಮ ಎಂದು ಬರೆದು ಅಳಿಸಿದೆ, ಕೊನೆಗೆ ಆರಾಮಾಗಿದ್ದೀನಮ್ಮ, ಅವಳು ನಂಬುತ್ತಾಳೆ, ರೈಲಿನಲ್ಲಿ ಖಾಲಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಸಣ್ಣಗೆ ನಗುತ್ತಾಳೆ ಕೂಡ, ಬೆಳಗಾಗುವಷ್ಟರಲ್ಲಿ ಹುಡುಗ ಬದುಕಿಲ್ಲ. ಕೆಲಸ ಮುಗಿಸಿ ಮನೆಗೆ ಬಂದರೆ ಅಮ್ಮಿ ಕಿತ್ತಳೆ ಬಿಡಿಸುತ್ತಾ ಕೂತಿದ್ದಳು, ನಾನು ಬಚ್ಚಲಿಗೆ ಓಡಿಹೋಗಿ ವಾಂತಿ ಮಾಡಿಕೊಂಡೆ. ಅವತ್ತಿನಿಂದ ಲಿಫ್ಟು ಬಿಟ್ಟೆ, ಚಿಲಕ ಹಾಕದೆ ಸ್ನಾನ ಮಾಡುವುದು ಅಭ್ಯಾಸವಾಯಿತು. ಅಜ್ಜುವನ್ನು ಹಿಡಿದು ಕೇಳಿದೆ, ಕಾಲೇಜಲ್ಲಿ ಯಾರಾದ್ರೂ ನಿಂಗೆ ಏನಾದ್ರೂ ಮಾಡಿದ್ರೆ ನಂಗೆ ಹೇಳ್ತೀಯಲ್ವಾ. ಅವನು ನಕ್ಕ, ಆಪಾ, ಯಾವ ಪಿಚ್ಚರ್ ನೋಡ್ಕೊಂಡು ಬಂದೆ ಇವತ್ತು. ಯಾರಾದರೂ ನಿನಗೆ ಏನಾದರೂ ಮಾಡಿದರೆ — ನೀನು ಯಾರಿಗಾದರೂ ಏನಾದರೂ ಮಾಡಿಬಿಟ್ಟರೆ ಎಂದು ಕೇಳುವುದು ನನಗೆ ಹೊಳೆಯಲೇ ಇಲ್ಲ.

ಮೇಖ್ರಿ ಸರ್ಕಲ್ಲಿನಲ್ಲಿ ಬಸ್ಸು ನಿಂತಿದೆ, ಪಕ್ಕದಲ್ಲಿ ಏರ್‌ಪೋರ್ಟಿನ ಕಡೆ ಹೋಗುವ ಟ್ಯಾಕ್ಸಿಗಳ ಸಾಲು, ಒಬ್ಬ ಬೈಕಿನವನು ಸಂದಿಯಲ್ಲಿ ತೂರಿಕೊಂಡು ಬಂದು ಗುರ್ ಎನ್ನಿಸಿದ, ಅಜ್ಜುವಿನ ಬೆರಳು ಸರಳಿನ ಮೇಲೆ ಬೆಳ್ಳಗಾಯಿತು, ನೋಡಬೇಡ, ಆ ಕಡೆ ನೋಡಬೇಡ ಮಗಾ. ಅವತ್ತು ಭಾನುವಾರ. ಕ್ರಿಕೆಟ್ ಮ್ಯಾಚ್ ಇದೆ ಎಂದು ಬೆಳಕು ಹರಿಯುವ ಮೊದಲೇ ಹೋದವನು, ಗೆಳೆಯನ ಬೈಕು ತೆಗೆದುಕೊಂಡು, ಹುಡುಗರೆಲ್ಲ ಏರ್‌ಪೋರ್ಟ್ ರಸ್ತೆಯಲ್ಲಿ ವ್ಹೀಲಿ ಮಾಡುತ್ತಾರಲ್ಲ, ಮುಂದಿನ ಚಕ್ರ ಗಾಳಿಗೆತ್ತಿ, ಒಂದೇ ಚಕ್ರದ ಮೇಲೆ, ಚಕ್ರ ಮೇಲಿದ್ದಾಗ ಎದುರಿಗೆ ರಸ್ತೆಯೇ ಕಾಣುವುದಿಲ್ಲವಂತೆ, ಆಕಾಶ ಮಾತ್ರ ಕಾಣುತ್ತದಂತೆ. ಕೊಡಿಗೇಹಳ್ಳಿ ಸ್ಟಾಪಿನ ಹತ್ತಿರ ಬಸ್ಸಿಳಿದು ದಾಟುತ್ತಿದ್ದರು ಅವರು, ಫಕೀರಪ್ಪ, ಗದಗಿನ ಕಡೆಯವರು, ಪೀಣ್ಯದ ಫ್ಯಾಕ್ಟರಿಯಲ್ಲಿ ದುಡಿದು ರಿಟೈರ್ ಆದವರು, ಕೊಡಿಗೇಹಳ್ಳಿಯಲ್ಲಿರುವ ಮಗಳ ಮನೆಗೆ ಹೊರಟಿದ್ದರು, ಚೀಲದಲ್ಲಿ ಹೆಂಡತಿ ಕಟ್ಟಿಕೊಟ್ಟ ಜೋಳದ ರೊಟ್ಟಿ ಇತ್ತಂತೆ. ಠಾಣೆಯಿಂದ ಫೋನು ಬಂದಾಗ ಅಮ್ಮಿ ಚಹಾ ಸೋಸುತ್ತಿದ್ದಳು. ಗುದ್ದಿ ಓಡಿಹೋಗ್ತಿದ್ದ ಮೇಡಂ, ಪಬ್ಲಿಕ್ ಹಿಡಿದು ಕೊಟ್ಟಿದಾರೆ, ಯಜಮಾನ್ರು ಸ್ಪಾಟಲ್ಲೇ ಹೋಗ್ಬಿಟ್ರು, ಹುಡುಗಂಗೆ ಸ್ವಲ್ಪ ಏಟು ಬಿದ್ದಿದೆ, ಬನ್ನಿ ಬೇಗ. ಗುದ್ದಿ ಓಡಿಹೋಗುತ್ತಿದ್ದ. ಎಲ್ಲರ ಬಾಯಲ್ಲೂ ಅದೇ ಮಾತು, ಪೇಪರಿನಲ್ಲೂ ಅದೇ, ನಮ್ಮ ವಕೀಲ ಉಮೇಶ್ ಕೂಡ ಅದನ್ನೇ ಒಪ್ಪಿಕೊಂಡರು, ಹೆದರಿ ಓಡಿದ್ದಾನೆ, ಮಕ್ಳು ಓಡೋದೇ ಅಲ್ವಾ, ನಾವು ಅದನ್ನ ಹಂಗೇ ಹೇಳೋಣ. ನಾನೂ ಒಪ್ಪಿಕೊಂಡೆ. ಓಡದೆ ಇನ್ನೇನು ಮಾಡುತ್ತಾನೆ. ನಿಜ ಹೇಳಬೇಕೆಂದರೆ ಆ ರಸ್ತೆಯ ಬಗ್ಗೆ ನಾನು ಯೋಚಿಸಲೇ ಇಲ್ಲ, ಠಾಣೆಯವರು ಮೇಡಂ, ಹದಿನೆಂಟಾಗಿಲ್ಲ, ರಿಮ್ಯಾಂಡ್ ಹೋಮಿಗೆ ಹೋಗುತ್ತಾನೆ ಎಂದ ಕ್ಷಣದಿಂದ ನನ್ನ ಕಣ್ಣ ಮುಂದೆ ಬಂದದ್ದು ಮಂಜು, ವ್ಯಾನು, ಸ್ಟೂಲಿನ ಮೇಲೆ ಸುಲಿಯುತ್ತಿರುವ ಕಿತ್ತಳೆ.

ಹೋಮು ನಾನು ಬರೆದ ಜೈಲಿನ ಹಾಗಿರಲಿಲ್ಲ. ಅಂಗಳದಲ್ಲಿ ಹೊಂಗೆ ಮರ, ಕೇರಂ ಬೋರ್ಡು, ಮಧ್ಯಾಹ್ನಕ್ಕೆ ಅನ್ನ ಸಾರಿನ ವಾಸನೆ. ಯಶೋಧಾ ಎಂಬ ಮೇಡಂ ಇದ್ದರು, ದಪ್ಪ ಕನ್ನಡಕ, ಹುಡುಗರನ್ನೆಲ್ಲ ಹೆಸರು ಹಿಡಿದು ಕರೆಯುತ್ತಿದ್ದರು, ನೋಡಿಮ್ಮಾ, ನಿಮ್ಮ ತಮ್ಮ ಊಟ ಸರಿಯಾಗ್ ಮಾಡ್ತಿಲ್ಲ, ಯಾರ್ ಜೊತೇನೂ ಸೇರಲ್ಲ, ಏನೋ ಒಂದು ಹೇಳ್ಬೇಕು ಅಂತಾನೆ, ಕೇಳಿದ್ರೆ ಸುಮ್ಮನಾಗ್ತಾನೆ, ನೀವಾದ್ರೂ ಕೂತು ಕೇಳಿ. ಅವರ ದನಿಯಲ್ಲಿದ್ದ ಕಕ್ಕುಲತೆ ನನಗೆ ನಾಟಕವೆನ್ನಿಸಿತು, ಆ ಸಿನಿಮಾದಲ್ಲೂ ಒಬ್ಬಳು ಮೆತ್ತಗೆ ಮಾತಾಡುವ ಮೇಡಂ ಇದ್ದಳು, ಅವಳಿಗೆ ಎಲ್ಲವೂ ಗೊತ್ತಿತ್ತು. ಭೇಟಿಗೆ ಹೋದಾಗಲೆಲ್ಲ ನಾನು ಅವನ ಮಣಿಕಟ್ಟು ನೋಡಿದೆ, ಕಿವಿಯ ಹಿಂದೆ ನೋಡಿದೆ, ನಡೆಯುವಾಗ ಕಾಲು ಎಳೆಯುತ್ತಾನಾ ಎಂದು ನೋಡಿದೆ, ಅಮ್ಮಿ ತಂದ ಖೀಮಾ ಸಮೋಸಾವನ್ನು ಅವನು ಮುರಿದು ಮುರಿದು ಪುಡಿ ಮಾಡುತ್ತಿದ್ದ, ಬಾಯಿಗೆ ಹಾಕುತ್ತಿರಲಿಲ್ಲ, ನಾನು ಬಗ್ಗಿ ಪಿಸುಗುಟ್ಟಿದೆ, ಯಾರು ಹೊಡೆದ್ರು, ದೊಡ್ಡ ಹುಡುಗರು ಏನಾದ್ರೂ ಮಾಡಿದ್ರಾ, ಬಚ್ಚಲಲ್ಲಿ, ರಾತ್ರಿ ಹೊತ್ತು, ನಂಗೆ ಹೇಳು ಅಜ್ಜು. ಕುಛ್ ನೈ ಆಪಾ, ಏನೂ ಇಲ್ಲ, ಆರಾಮಾಗಿದ್ದೀನಿ. ಆರಾಮಾಗಿದ್ದೀನಿ — ಅದೇ ಮಾತು, ನನ್ನದೇ ಮಾತು, ನಾನು ಅಳಿಸಿ ಅಳಿಸಿ ಆರಿಸಿದ ಮಾತು ಅವನ ಬಾಯಿಂದ ಬಿದ್ದಾಗ ನಾನು ಥಟ್ಟನೆ ಎದ್ದು ನಿಂತೆ, ಆ ರೈಲಿನ ಹೆಂಗಸಾಗಬಾರದು, ನಂಬಿ ಹೋಗಬಾರದು, ಯಶೋಧಾ ಮೇಡಂ ಮುಂದೆ ನಿಂತು ಕೂಗಾಡಿದೆ, ನನ್ ತಮ್ಮಂಗೆ ಏನಾಗಿದೆ ಅಂತ ಹೇಳಿ, ಮುಚ್ಚಿಡ್ಬೇಡಿ. ಅವರು ಕನ್ನಡಕ ತೆಗೆದು ಒರೆಸಿಕೊಂಡು ಹೇಳಿದರು, ನಾನೂ ಅದನ್ನೇ ನಿಮ್ಮನ್ನ ಕೇಳ್ತಿದೀನಮ್ಮ. ಆಮೇಲೆ ಬೇಲು ಸಿಕ್ಕಿತು, ಅಜ್ಜು ಮನೆಗೆ ಬಂದ, ಅಮ್ಮಿ ಬಾಗಿಲಲ್ಲೇ ಅವನ ತಲೆಗೆ ಮೆಣಸಿನಕಾಯಿ ನಿವಾಳಿಸಿದಳು, ಅವನು ಸ್ನಾನ ಮಾಡಿ ಬಂದು ಗೋಡೆಗೊರಗಿ ಕೂತ, ಕೂತೇ ಇದ್ದ.

ಯಶವಂತಪುರ. ಇಳಿದೆವು, ಮೆಟ್ರೋ ಮೆಟ್ಟಿಲು ಹತ್ತಿದೆವು, ಲಿಫ್ಟಿನ ಕಡೆ ಅಜ್ಜು ತಿರುಗಿ ನೋಡಿ ನನ್ನ ಮುಖ ನೋಡಿ ಸುಮ್ಮನೆ ಮೆಟ್ಟಿಲಿನ ಕಡೆಗೇ ಬಂದ, ಅವನಿಗೆ ನನ್ನ ಭಯ ಗೊತ್ತಿದೆ, ನನ್ನದೆಲ್ಲ ಅವನಿಗೆ ಗೊತ್ತಿದೆ. ಮನೆಗೆ ಬಂದ ಮೇಲೂ ನಾನು ಬಿಡಲಿಲ್ಲ, ಊಟಕ್ಕೆ ಕೂತಾಗ, ಬಟ್ಟೆ ಒಣಹಾಕುವಾಗ, ಅಲ್ಲೇನಾಯ್ತು ಅಜ್ಜು, ನಾಚ್ಕೋಬೇಡ, ಡಾಕ್ಟ್ರ ಹತ್ರ ಹೋಗೋಣ, ಅಲ್ಲೇನಾಯ್ತು. ಮೊನ್ನೆ ಶುಕ್ರವಾರ ಅವನು ಊಟದ ತಟ್ಟೆಯನ್ನು ಗೋಡೆಗೆ ಎಸೆದ. ಹುಟ್ಟಿದಾಗಿನಿಂದ ನನಗೆ ಎದುರು ಮಾತಾಡದ ಹುಡುಗ. ಅಲ್ಲೇನಾಯ್ತು ಅಲ್ಲೇನಾಯ್ತು, ನೀನ್ ಕೇಳೋದೆಲ್ಲ ಅದೊಂದೇ, ಅಲ್ಲಿ ನಂಗೇನೂ ಆಗ್ಲಿಲ್ಲ ಆಪಾ, ಒಬ್ಬ ಸೋಪು ಕದ್ದ, ಒಬ್ಬ ಬೈದ, ಅಷ್ಟೇ, ನಾನ್ ಒಬ್ರನ್ನ ಸಾಯ್ಸಿದೀನಿ, ರೋಡಲ್ಲಿ ಏನಾಯ್ತು ಅಂತ ನೀವ್ ಯಾರಾದ್ರೂ ಒಂದ್ಸಲ ಕೇಳಿದ್ರಾ. ಸಾರು ಗೋಡೆಯಿಂದ ಇಳಿಯುತ್ತಿತ್ತು. ಅಮ್ಮಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಹೇಳು, ಈಗ ಕೇಳ್ತಿದೀನಿ, ರೋಡಲ್ಲಿ ಏನಾಯ್ತು ಎಂದೆ, ನನ್ನ ದನಿ ನನಗೇ ಬೇರೆಯವರದ್ದೆನ್ನಿಸಿತು. ಅವನು ತಲೆಯಾಡಿಸಿದ, ಮೊದ್ಲು ಅವ್ರ ಮನೇಲಿ ಹೇಳ್ಬೇಕು, ಅವ್ರಿಗ್ ಸೇರಿದ್ದು ಅದು, ನಿಂಗಲ್ಲ. ಉಮೇಶ್ ಅವರಿಗೆ ಫೋನು ಮಾಡಿದರೆ ಗದರಿದರು, ಏನ್ರೀ ನಿಮಗ್ ತಲೆ ಸರಿ ಇದೆಯಾ, ಕೇಸ್ ನಡೀತಿದೆ, ಸಾಕ್ಷಿಗಳನ್ನ ಹೆದರಿಸೋಕೆ ಬಂದಿದ್ರು ಅಂತ ಒಂದ್ ಕಂಪ್ಲೇಂಟ್ ಕೊಟ್ರೆ ಬೇಲು ಹೋಯ್ತು, ಹುಡುಗ ವಾಪಸ್ ಒಳಗೆ, ಹೋಗ್ಬೇಡಿ. ವಾಪಸ್ ಒಳಗೆ ಎಂಬುದು ಕಿವಿಗೆ ಬಿದ್ದಾಗ ಮತ್ತೆ ಕಿತ್ತಳೆ, ಮತ್ತೆ ಬಾಯ್ಲರ್ ಸದ್ದು, ಆದರೂ ಇವತ್ತು ಬೆಳಿಗ್ಗೆ ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಬಾಗಿಲಲ್ಲಿ ನಿಂತಿದ್ದ, ನೀನ್ ಬರ್ಲಿಲ್ಲ ಅಂದ್ರೂ ಹೋಗ್ತೀನಿ ಆಪಾ. ಬಾಧೆ ಪಟ್ಟ ತಮ್ಮನನ್ನು ಪ್ರೀತಿಸುವುದು ಸುಲಭ, ಆ ಸಿನಿಮಾ ನನಗೆ ಅಂಥ ತಮ್ಮನನ್ನು ಕೊಟ್ಟಿತ್ತು, ನಾನು ಅವನನ್ನೇ ಅಪ್ಪಿಕೊಂಡು ಕೂತಿದ್ದೆ. ಪಕ್ಕದಲ್ಲಿ ಮೆಟ್ರೋ ಕಂಬ ಹಿಡಿದು ನಿಂತಿರುವ ಇವನು ಬೇರೆ.

ಬಾಗಲಗುಂಟೆಯ ಆ ಅಡ್ಡರಸ್ತೆಯ ಮೂಲೆಯಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸು ಇನ್ನೂ ಇತ್ತು, ಬಿಸಿಲಿಗೆ ಬಣ್ಣ ಹೋಗಿ ಮುಖ ನೀಲಿಯಾಗಿತ್ತು, ಹಣೆಯ ಮೇಲೆ ವಿಭೂತಿ, ದಪ್ಪ ಮೀಸೆ, ಅಜ್ಜು ಅದರ ಮುಂದೆ ನಿಂತುಬಿಟ್ಟ, ನಾನು ತೋಳು ಹಿಡಿದು ಎಳೆದೆ. ಹಾಲಿನ ಅಂಗಡಿಯವನು ಹಸಿರು ಗೇಟು ತೋರಿಸಿದ. ಬಾಗಿಲು ತೆರೆದವಳು ಅದೇ ಕೊಡಿಗೇಹಳ್ಳಿಯ ಮಗಳು, ಶಿವಾನಿ, ಅವ್ವನ ಜೊತೆ ಇರಲು ಬಂದಿದ್ದವಳು, ಕೋರ್ಟಿನ ವರಾಂಡದಲ್ಲಿ ಅವಳನ್ನು ನೋಡಿದ್ದೆ, ಅವಳೂ ನನ್ನನ್ನು ನೋಡಿದ್ದಳು, ಗುರುತು ಹತ್ತಿದ ಕೂಡಲೇ ಬಾಗಿಲಿಗೆ ಅಡ್ಡ ಕೈ ಇಟ್ಟಳು, ಯಾಕ್ ಬಂದಿದೀರಾ ಇಲ್ಲಿಗೆ, ಕೇಸ್ ವಾಪಸ್ ತಗೊಳ್ಳಿ ಅನ್ನೋಕಾ. ಇಲ್ಲ ಎಂದೆ, ಇಲ್ಲ, ಅದಕ್ಕಲ್ಲ. ಒಳಗಿನಿಂದ ಮುದುಕಿಯ ದನಿ, ಯಾರವಾ. ಶಿವಾನಿ ತಿರುಗದೆ ಹೇಳಿದಳು, ಆ ಹುಡುಗ ಬಂದಾನವ್ವಾ, ಅಪ್ಪನ್ನ ಗುದ್ದಿದಾಂವ. ಒಳಗೆ ಮೊರ ಕೆಳಗಿಟ್ಟ ಸದ್ದು. ಆಮೇಲೆ, ಒಳಗ ಬರಲಿ. ಫಕೀರಪ್ಪನವರ ಹೆಂಡತಿ ಶಿವಲಿಂಗವ್ವ ಗೋಡೆಯ ಬದಿ ಚಾಪೆಯ ಮೇಲೆ ಕೂತಿದ್ದರು, ಮೊರದಲ್ಲಿ ಜೋಳ, ಕುಂಕುಮವಿಲ್ಲದ ಹಣೆ, ಮೂಗುತಿ ತೆಗೆದ ಮೂಗಿನ ತೂತು, ಅಜ್ಜುವನ್ನು ಅಡಿಯಿಂದ ಮುಡಿಯವರೆಗೆ ನೋಡಿದರು, ಕುಂದ್ರು. ಅವನು ಬರಿನೆಲದ ಮೇಲೆ ಕೂತ. ಶಿವಾನೀ, ನೀರ ಕೊಡು. ಶಿವಾನಿ ಅಲ್ಲಾಡಲಿಲ್ಲ. ಮುದುಕಿ ಮೊಣಕಾಲು ಹಿಡಿದುಕೊಂಡು ತಾವೇ ಎದ್ದು ಹೋಗಿ ಚೊಂಬಿನಲ್ಲಿ ನೀರು ತಂದು ಅವನ ಮುಂದಿಟ್ಟರು, ಅದು ಪ್ರೀತಿಯಲ್ಲ, ಮನೆಗೆ ಬಂದವರ ಮುಂದೆ ನೀರಿಡಬೇಕು, ಅಷ್ಟೇ, ಕೈಗೆ ಅಭ್ಯಾಸವಾದ ಕೆಲಸ. ಏನ ಹೇಳಾಕ ಬಂದಿ. ಅಜ್ಜು ನೀರು ಮುಟ್ಟಲಿಲ್ಲ.

ಅವ್ರು ಆಗ್ಲೇ ಹೋಗಿರ್ಲಿಲ್ಲ ಅಜ್ಜಿ ಎಂದ. ಎಲ್ಲ ಸ್ಪಾಟಲ್ಲೇ ಅಂತಾರೆ, ಸ್ಪಾಟಲ್ಲೇ ಅಲ್ಲ, ಮಾತಾಡಿದ್ರು. ಶಿವಾನಿ ಬಾಗಿಲ ಚೌಕಟ್ಟಿಗೆ ಒರಗಿಕೊಂಡಳು. ನನ್ನ ಫ್ರೆಂಡ್ಸೆಲ್ಲ ಗಾಡಿ ತಿರುಗಿಸ್ಕೊಂಡು ಹೋಗ್ಬಿಟ್ರು, ನಾನು ಬಿದ್ದಿದ್ದೆ, ಎದ್ದು ಅವ್ರ ಹತ್ರ ಹೋದೆ, ರಸ್ತೆ ಅಂಚಲ್ಲಿ ಮಲಗಿದ್ರು, ಕಣ್ಣು ಬಿಟ್ಟಿದ್ರು, ರಕ್ತ ಜಾಸ್ತಿ ಇರ್ಲಿಲ್ಲ, ನಾನು ಅಜ್ಜಾ ಅಜ್ಜಾ ಅಂದೆ, ಅವ್ರು ಕಾಲು ನೋಡ್ಕೊಂಡ್ರು, ಆಮೇಲೆ ನನ್ನ ನೋಡಿ, ತಮ್ಮಾ, ನನ್ನ ಚಪ್ಪಲಿ ಒಂದ ಅತ್ಲಾಗ ಹೋಗೈತಿ, ತಂದಕೊಡು ಅಂದ್ರು. ಅಷ್ಟೇ ಅಂದ್ರು. ಶಿವಾನಿ ಚೌಕಟ್ಟು ಬಿಟ್ಟು ಒಳಗೆ ಬಂದಳು, ಅಪ್ಪಂದ ಮಾತು ಅದು, ಅವ್ವಾ, ಅಪ್ಪಂದ ಮಾತು. ಮುದುಕಿಯ ಕೈ ಜೋಳದ ಮೇಲೆ ನಿಂತಿತ್ತು, ಹಿಮ್ಮಡಿ ಒಡದಿದ್ದವು, ಬರಿಗಾಲಾಗ ಹೆಜ್ಜಿ ಇಡಾಕ ಆಗ್ತಿರಲಿಲ್ಲ ಅವರಿಗೆ, ಮುಂದ ಹೇಳು. ಚಪ್ಪಲಿ ರಸ್ತೆ ಮಧ್ಯ ಡಿವೈಡರ್ ಹತ್ರ ಬಿದ್ದಿತ್ತು, ಟ್ಯಾಕ್ಸಿಗಳು ಜೋರಾಗಿ ಬರ್ತಿದ್ವು, ನಾನು ಓಡ್ದೆ, ಎತ್ಕೊಂಡೆ, ವಾಪಸ್ ಓಡಿ ಬರ್ತಿದ್ದೆ, ಅಷ್ಟರಲ್ಲಿ ಟೀ ಅಂಗಡಿಯಿಂದ ಜನ ಬಂದ್ರು, ಓಡ್ತಿದಾನೆ ಹಿಡೀರಿ ಅಂತ, ಹಿಡ್ಕೊಂಡ್ರು, ಹೊಡೆದ್ರು, ಹೊಡೀಲಿ, ಅದಲ್ಲ, ನಾನು ಬಿಡಿ ಬಿಡಿ ಇದನ್ನ ಕೊಡ್ಬೇಕು ಅವ್ರಿಗೆ ಅಂತ ಕೂಗ್ದೆ, ಯಾರಿಗೂ ಕೇಳಿಸ್ಲಿಲ್ಲ, ಕಾಲುಗಳ ಸಂದೀಲಿ ಅವ್ರು ಕಾಣ್ತಿದ್ರು, ಅವ್ರು ನನ್ ಕಡೆ ಕೈ ಚಾಚಿದ್ರು ಅಜ್ಜಿ, ಚಪ್ಪಲಿಗೆ ಅಂತ, ಆಮೇಲೆ ಕೈ ಕೆಳಗೆ ಬಿತ್ತು. ಅಜ್ಜು ಅಳಲಿಲ್ಲ. ಒಂದೇ ದನಿಯಲ್ಲಿ ಹೇಳಿ ಮುಗಿಸಿದ, ತಪ್ಪಾಯ್ತು ಅಂತ ಹೇಳೋಕೆ ಬರ್ಲಿಲ್ಲ, ತಪ್ಪಾಯ್ತು ಅಂದ್ರೆ ಮುಗಿಯೋದಲ್ಲ ಅದು, ಇದು ನಿಮಗ್ ಗೊತ್ತಿರ್ಬೇಕು ಅಂತ ಬಂದೆ. ಶಿವಲಿಂಗವ್ವ ಬಹಳ ಹೊತ್ತು ಮೊರದಲ್ಲಿ ಕಲ್ಲು ಹುಡುಕಿದರು, ಇಲ್ಲದ ಕಲ್ಲು. ಆಮೇಲೆ ತಲೆಯೆತ್ತದೆ ಕೇಳಿದರು, ಆ ಮಂದಿ ಎಲ್ಲಾ ನಿನ್ನ ಸುತ್ತ ಇದ್ರೇನು. ಹೂಂ ಎಂದ. ಹಂಗಾರ ಕಡೀಕ ಅವರ ಬಾಜೂಕ ಯಾರೂ ಇರಲಿಲ್ಲ. ಮೊರವನ್ನು ಬದಿಗೆ ಸರಿಸಿದರು. ಇನ್ನ ಹೋಗ್ರಿ, ಮತ್ತ ಬರಬ್ಯಾಡ್ರಿ ಎಂದರು, ನಾವು ಎದ್ದೆವು, ನೀರಿನ ಚೊಂಬು ಹಾಗೇ ಇತ್ತು, ಗೇಟಿನವರೆಗೆ ಶಿವಾನಿ ಬಂದಳು, ನನ್ನನ್ನಲ್ಲ, ಅಜ್ಜುವನ್ನು ನೋಡಿ, ಕೋರ್ಟಲ್ಲಿ ಇದನ್ನ ಹೇಳಿದ್ಯಾ. ಇಲ್ಲ. ಹೇಳು, ನಾನು ಸುಳ್ಳು ಅನ್ನಲ್ಲ, ನಿನ್ನ ಕ್ಷಮಿಸೋದೂ ಇಲ್ಲ. ಗೇಟು ಹಾಕಿಕೊಂಡಳು, ಸದ್ದಾಯಿತು, ಆ ಸದ್ದಿಗೆ ನನಗೆ ಏನೂ ಆಗಲಿಲ್ಲ, ಅದು ಗೇಟಿನ ಸದ್ದು, ಅಷ್ಟೇ.

ದಾಸರಹಳ್ಳಿಯ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಅಜ್ಜು ನಿದ್ದೆ ಹೋಗಿದ್ದಾನೆ, ಕೂತಲ್ಲೇ, ಗದ್ದ ಎದೆಗೆ ಬಿದ್ದು, ಒಂದು ಗಾಡಿ ಹೋಯಿತು, ಇನ್ನೊಂದು ಹೋಯಿತು, ಎಬ್ಬಿಸಲು ಮನಸ್ಸಾಗುತ್ತಿಲ್ಲ, ಅಮ್ಮಿಗೆ ಮಲಗಿದಾನೆ ಎಂದು ಮೆಸೇಜು ಹಾಕಿದೆ, ಉಮೇಶ್ ಅವರಿಗೆ ನಾಳೆ ಬರ್ತೀವಿ, ಮುಖ್ಯವಾದದ್ದು ಹೇಳ್ಬೇಕು ಎಂದು ಹಾಕಿದೆ, ಅವರು ಬೈಯಲಿ. ಅವತ್ತಿನ ವಿಡಿಯೋ ಒಂದಿದೆ, ಯಾರೋ ಟೀ ಅಂಗಡಿಯ ಕಡೆಯಿಂದ ತೆಗೆದದ್ದು, ಗುದ್ದಿ ಓಡುತ್ತಿದ್ದವನಿಗೆ ಗೂಸಾ ಎಂದು ಎಲ್ಲರ ಫೋನಿನಲ್ಲೂ ಸುತ್ತಿತ್ತು, ಪೂರ್ತಿ ನೋಡುವ ಮೊದಲೇ ಮುಚ್ಚಿಬಿಟ್ಟಿದ್ದೆ, ಆ ಸಿನಿಮಾದ ಪ್ರತಿಯೊಂದು ಬಾಗಿಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿದವಳು ನನ್ನ ತಮ್ಮ ಓಡುವುದನ್ನು ಒಂದು ಸಲವೂ ಸರಿಯಾಗಿ ನೋಡಿರಲಿಲ್ಲ. ಈಗ ತೆರೆದೆ, ದನಿ ತೆಗೆದುಹಾಕಿ. ಟ್ಯಾಕ್ಸಿಗಳು, ಬೆಳ್ಳನೆಯ ಬೆಳಗು, ಡಿವೈಡರಿನ ಕಡೆಯಿಂದ ಅವನು ಬರುತ್ತಿದ್ದಾನೆ, ಬರುತ್ತಿದ್ದಾನೆ, ಹೋಗುತ್ತಿಲ್ಲ, ಯಾರಿಗೂ ಇದು ಕಾಣಲಿಲ್ಲವೇ, ನೆಲದ ಮೇಲೆ ಮಲಗಿದವರ ಕಡೆಗೇ ಓಡಿ ಬರುತ್ತಿದ್ದಾನೆ, ಕೈಯಲ್ಲಿ ಏನೋ ಕಪ್ಪಗೆ, ಜನ ನುಗ್ಗುತ್ತಾರೆ, ಒಂದು ಬೆನ್ನು, ಇನ್ನೊಂದು ಬೆನ್ನು, ಕೈಗಳು ಏಳುತ್ತವೆ ಬೀಳುತ್ತವೆ, ನಾನು ಹಿಂದಕ್ಕೆ ಎಳೆದೆ, ಮತ್ತೆ ಓಡಿ ಬಂದ, ಕೈಯಲ್ಲಿ ಕಪ್ಪಗೆ, ಬೆನ್ನುಗಳು, ಹಿಂದಕ್ಕೆ, ಮತ್ತೆ ಬಂದ, ಇಲ್ಲಿ, ಇಲ್ಲಿ ನಿಲ್ಲಿಸಬೇಕು — ನಿಲ್ಲಿಸಿದೆ. ಎಲ್ಲ ಬೆನ್ನುಗಳೂ ಈ ಕಡೆ. ಅವುಗಳ ಮೇಲೆ, ಗುಂಪಿನ ತಲೆಗಳ ಮೇಲೆ, ಒಂದು ತೋಳು,  ಅವನದು, ನೇರವಾಗಿ ಮೇಲೆತ್ತಿದ್ದು, ತುದಿಯಲ್ಲಿ ಸವೆದ ಒಂದು ಚಪ್ಪಲಿ, ಅದರ ಹೆಬ್ಬೆರಳು ತೂರಿಸುವ ಉಂಗುರ ಕೂಡ ಕಾಣುತ್ತದೆ, ಮತ್ತು ತೆರೆಯ ಅಂಚಿನಲ್ಲಿ, ಅರ್ಧ ಕತ್ತರಿಸಿಹೋದ ಹಾಗೆ, ಖಾಲಿ ರಸ್ತೆ, ಚೆಲ್ಲಿದ ರೊಟ್ಟಿ, ಇತ್ತ ಕಡೆಗೆ ಚಾಚಿದ ಒಂದು ಕೈ, ಅದರ ಹತ್ತಿರ ಯಾರೂ ಇಲ್ಲ, ಚಾಚಿದ ಕೈ, ಹತ್ತಿರ ಯಾರೂ ಇಲ್ಲ, ಮೇಲೆತ್ತಿದ ಚಪ್ಪಲಿ, ಚಾಚಿದ ಕೈ